ಏರ್ ಸಸ್ಪೆನ್ಷನ್ ಎತ್ತರ ಬದಲಿಸಲು ಕೈಯಾರೆ ಮಾಡುವ ಸೆನ್ಸರ್ ಲಿಂಕ್

ಏರ್ ಸಸ್ಪೆನ್ಷನ್ ಇರುವ ಪಿಕಪ್ಪನ್ನು ಒಂದಿಂಚು ಏರಿಸಲು ಅಥವಾ ಇಳಿಸಲು ಸ್ಪ್ರಿಂಗಿನ ಬದಲು ಗಾಡಿಯನ್ನು ಹೊರುವ ಗಾಳಿಚೀಲವನ್ನು (ಏರ್ ಬ್ಯಾಗ್) ಮುಟ್ಟಬೇಕಾಗಿಲ್ಲ. ಪ್ರತಿ ಚಕ್ರದ ಬಳಿ ಸೆನ್ಸರ್ ಲಿಂಕ್ ಎಂಬ ಒಂದು ಸಣ್ಣ ಕಡ್ಡಿ ಇರುತ್ತದೆ. ಅದರ ಒಂದು ತುದಿ ಎತ್ತರ ಅಳೆಯುವ ಸೆನ್ಸರಿನ ತೋಳಿಗೆ, ಇನ್ನೊಂದು ತುದಿ ಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮಿಗೆ ಸಿಕ್ಕಿಸಿರುತ್ತದೆ. ಗಾಡಿ ಎಷ್ಟು ಎತ್ತರದಲ್ಲಿ ನಿಂತಿದೆ ಎಂದು ಕಂಟ್ರೋಲ್ ಯೂನಿಟ್ಟಿಗೆ ತಿಳಿಯುವುದು ಇದರಿಂದಲೇ. ಕಡ್ಡಿಯ ಉದ್ದ ಬದಲಿಸಿದರೆ ಯೂನಿಟ್ ಬೇರೆ ಎತ್ತರ ಓದುತ್ತದೆ. ಅದನ್ನು ಸರಿದೂಗಿಸಲು ಗಾಳಿ ತುಂಬುತ್ತದೆ, ಇಲ್ಲವೇ ಬಿಡುತ್ತದೆ. ಈ ಲಿಂಕ್ ಗಾಡಿಯ ಭಾರ ಹೊರುವುದಿಲ್ಲ, ಅಳತೆ ಹೇಳುತ್ತದೆ ಅಷ್ಟೆ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಅದು ಸಡಿಲವಾದರೆ ಗಾಡಿಯ ಎತ್ತರ ನಿಲ್ಲದು, ಕಳಚಿದರೆ ಆ ಮೂಲೆ ಪೂರ್ತಿ ಮೇಲಕ್ಕೋ ಪೂರ್ತಿ ಕೆಳಕ್ಕೋ ಹೋಗಿಬಿಡಬಹುದು.

ಮೊದಲು ದಿಕ್ಕು ಗೊತ್ತುಮಾಡಿಕೊಳ್ಳಬೇಕು. ಸೆನ್ಸರ್ ಚಾಸಿಯ ಮೇಲಿದ್ದು, ಲಿಂಕ್ ಅಲ್ಲಿಂದ ಕೆಳಗಿನ ಕಂಟ್ರೋಲ್ ಆರ್ಮಿಗೆ ಇಳಿದಿದ್ದರೆ, ಲಿಂಕ್ ಉದ್ದವಾದಷ್ಟೂ ಗಾಡಿ ಏರುತ್ತದೆ, ಗಿಡ್ಡವಾದಷ್ಟೂ ಇಳಿಯುತ್ತದೆ. ಉದ್ದದ ಲಿಂಕ್ ಸೆನ್ಸರಿನ ತೋಳನ್ನು ಮೇಲಕ್ಕೆ ತಳ್ಳುತ್ತದೆ. ಗಾಡಿ ಕುಸಿದಾಗಲೂ ತೋಳು ಹಾಗೆಯೇ ಮೇಲೇಳುವುದರಿಂದ ಯೂನಿಟ್ ಗಾಳಿ ತುಂಬುತ್ತದೆ. ಸೆನ್ಸರ್ ಕೆಳಗಿದ್ದು ಲಿಂಕ್ ಮೇಲಿನ ಆರ್ಮಿಗೆ ಏರಿದ್ದರೆ ಎಲ್ಲವೂ ತಿರುಗುಮುರುಗು. ಒಂದೇ ಗಾಡಿಯಲ್ಲಿ ಮುಂದೆ ಒಂದು ರೀತಿ, ಹಿಂದೆ ಇನ್ನೊಂದು ರೀತಿ ಇರಬಹುದು, ನಾಲ್ಕೂ ಕಡೆ ಬಗ್ಗಿ ನೋಡುವುದೇ ಸರಿ.

ಇನ್ನು ಎಷ್ಟು ಎಂಬ ಪ್ರಶ್ನೆ. ಲಿಂಕ್ 10 ಮಿ.ಮೀ. ಬದಲಾದರೆ ಗಾಡಿ 10 ಮಿ.ಮೀ. ಏರುವುದಿಲ್ಲ, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಏರುತ್ತದೆ. ಕಂಟ್ರೋಲ್ ಆರ್ಮ್ ಚಾಸಿಯಲ್ಲಿ ತಿರುಗುವ ಒಳತುದಿಯ ಬುಷ್ಷಿನಿಂದ ಚಕ್ರದವರೆಗೆ 400 ಮಿ.ಮೀ. ಇದ್ದು, ಲಿಂಕ್ 200 ಮಿ.ಮೀ.ನಲ್ಲಿ ಕೂತಿದ್ದರೆ, 10 ಮಿ.ಮೀ. ಬದಲಾವಣೆಗೆ ಚಕ್ರದ ಬಳಿ ಸುಮಾರು 20 ಮಿ.ಮೀ. ಸಿಗುತ್ತದೆ. ಟೇಪಿನಲ್ಲಿ ಈ ಎರಡು ದೂರ ಅಳೆದು ಭಾಗಿಸಿದರೆ ಅಂದಾಜು ಸಿಗುತ್ತದೆ, ನಿಖರವಾದ ಲೆಕ್ಕ ಜೋಡಿಸಿದ ಮೇಲೆಯೇ.

ಹೆಚ್ಚಿನವರು ಲೆಕ್ಕ ತಪ್ಪುವುದು ಎತ್ತರದ ಮೋಡ್‌ಗಳ, ಅಂದರೆ ಚಾಲಕ ಆರಿಸಿಕೊಳ್ಳುವ ಬೇರೆ ಬೇರೆ ಎತ್ತರಗಳ ವಿಷಯದಲ್ಲಿ. ಲಿಂಕ್ ಬದಲಿಸಿದರೆ ಸಾಮಾನ್ಯ ಎತ್ತರ ಮಾತ್ರವಲ್ಲ, ಎಲ್ಲ ಮೋಡ್‌ಗಳೂ ಒಟ್ಟಿಗೆ ಸರಿಯುತ್ತವೆ. 2013ರ ಮಾದರಿಯಿಂದ ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್ ಸಿಗುವ ರ‍್ಯಾಮ್ 1500 ಪಿಕಪ್ ನೋಡಿ. ಅದರ ಅತಿ ಎತ್ತರದ ಆಫ್-ರೋಡ್ ಮೋಡ್ ಸಾಮಾನ್ಯಕ್ಕಿಂತ ಸುಮಾರು 51 ಮಿ.ಮೀ. ಮೇಲೆ, ಜನ ಹತ್ತಿ ಇಳಿಯಲು ತಗ್ಗುವ ಮೋಡ್ ಅಷ್ಟೇ ಕೆಳಗೆ. ಲಿಂಕಿನಿಂದ 25 ಮಿ.ಮೀ. ಏರಿಸಿದರೆ ಆಫ್-ರೋಡ್ ಮೋಡ್ 76 ಮಿ.ಮೀ. ಕೇಳುತ್ತದೆ. ಅಲ್ಲಿಗೆ ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಳ್ಳುತ್ತದೆ, ಮುಂದಿನ ಡ್ರೈವ್ ಶಾಫ್ಟಿನ ಕೋನ ಕಡಿದಾಗುತ್ತದೆ, ಎತ್ತರ ಮುಟ್ಟದೆ ಕಂಪ್ರೆಸರ್ ಓಡುತ್ತಲೇ ಇದ್ದು ಕೊನೆಗೆ ಎಚ್ಚರಿಕೆ ದೀಪ ಬೆಳಗುತ್ತದೆ. ಇಳಿಸಿದವರಿಗೆ ಇದೇ ತೊಂದರೆ ಕೆಳಗಿನ ಮೋಡಿನಲ್ಲಿ: ಗಾಡಿ ಬಂಪ್ ಸ್ಟಾಪಿನ (ಕುಸಿತ ತಡೆಯುವ ರಬ್ಬರ್ ತುಂಡು) ಮೇಲೆ ಕೂತುಬಿಡುತ್ತದೆ, ಯೂನಿಟ್ ಮಾತ್ರ ಇನ್ನೂ ಗಾಳಿ ಬಿಡುತ್ತಿರುತ್ತದೆ. ಆದ್ದರಿಂದ ಚಕ್ರದ ಬಳಿ 25 ಮಿ.ಮೀ. ದಾಟಬೇಡಿ, ಮತ್ತು ಬದಲಿಸಿದ ಮೇಲೆ ತುದಿಯ ಮೋಡ್ ಬಳಸದಿರುವುದೇ ಒಳ್ಳೆಯದು.

ಸಾಮಾನಿನ ವಿಷಯಕ್ಕೆ ಬಂದರೆ, ಮೊದಲು ಮೂಲ ಲಿಂಕ್ ಕೂತಿರುವ ಗುಂಡನ್ನು ವರ್ನಿಯರಿನಲ್ಲಿ ಅಳೆಯಿರಿ. ಮಾರುಕಟ್ಟೆಯ ಕೋನ ಬಾಲ್ ಜಾಯಿಂಟುಗಳಲ್ಲಿ 8 ಮಿ.ಮೀ. ಗುಂಡಿಗೆ ಎಂ5 ಮರೆ (5 ಮಿ.ಮೀ. ಸ್ಕ್ರೂ ಥ್ರೆಡ್), 10 ಮಿ.ಮೀ. ಗುಂಡಿಗೆ ಎಂ6 ಮರೆ (6 ಮಿ.ಮೀ.) ಬರುತ್ತದೆ. ಒಂದು ಲಿಂಕಿಗೆ ಬೇಕಾಗುವುದು ಗುಂಡಿನ ಮೇಲೆ ಕೂರುವ ಎರಡು ಉಕ್ಕಿನ ಸಾಕೆಟ್, ಒಂದು ತುಂಡು ಸ್ಟೇನ್‌ಲೆಸ್ ಥ್ರೆಡ್ ರಾಡ್, ಎರಡು ಲಾಕ್ ನಟ್. ಸಾಕೆಟ್ಟಿಗೆ ತಂತಿಯ ಸೇಫ್ಟಿ ಕ್ಲಿಪ್ ಇರಲೇಬೇಕು. ಬರೀ ಒತ್ತಿ ಕೂರಿಸುವ ಸಾಕೆಟ್, ಚಕ್ರ ರಸ್ತೆಯ ಹಳ್ಳಕ್ಕೆ ಬಿದ್ದು ಜೋಲಾಡಿದಾಗ ಕಳಚಿಕೊಳ್ಳುತ್ತದೆ. ಸಾಕೆಟ್ಟಿನ ಬದಲು ಹಾಕಬಹುದಾದ ರಾಡ್ ಎಂಡ್ ಬೇರಿಂಗ್ ನೋಡಲು ಗಟ್ಟಿಮುಟ್ಟು, ಆದರೆ ಈ ಕೆಲಸಕ್ಕೆ ನಾನು ಸೂಚಿಸುವುದಿಲ್ಲ. ಅದು ಅಕ್ಕಪಕ್ಕ ಓರೆಯಾಗುವುದು ಕಡಿಮೆ, ರಬ್ಬರ್ ಹೊದಿಕೆ (ಬೂಟ್) ಇಲ್ಲದ್ದರಿಂದ ಮಣ್ಣು ಸೇರಿ ಸವೆಯುತ್ತದೆ. ಸವೆದ ಜಾಗದಲ್ಲಿ ಒಂದು ಮಿ.ಮೀ. ಆಟ ಬಂದರೂ ಅದು ಚಕ್ರದ ಬಳಿ ಎರಡು ಮಿ.ಮೀ. ಆಗುತ್ತದೆ.

ರಾಡಿನ ಉದ್ದಕ್ಕೆ ಒಂದು ಉದಾಹರಣೆ. ಗುಂಡಿನ ನಡುವಿನಿಂದ ಇನ್ನೊಂದು ಗುಂಡಿನ ನಡುವಿಗೆ 110 ಮಿ.ಮೀ. ಬೇಕು, ಪ್ರತಿ ಸಾಕೆಟ್ಟಿನ ನಡುವಿನಿಂದ ಬಾಯಿವರೆಗೆ 25 ಮಿ.ಮೀ. ಇದೆ ಎನ್ನೋಣ. ಬಾಯಿಂದ ಬಾಯಿಗೆ 60 ಉಳಿಯಿತು. ಎರಡೂ ಕಡೆ ಹತ್ತತ್ತು ಮಿ.ಮೀ. ಒಳಗೆ ಹೋಗಬೇಕು, ಅಂದರೆ ರಾಡ್ 80 ಮಿ.ಮೀ. ಎಂ6 ಆದರೆ ಕನಿಷ್ಠ 9 ಮಿ.ಮೀ. ಮರೆ ಒಳಗಿರಲೇಬೇಕು. ಸಾಕೆಟ್ಟಿನ ಆಳ ಹೆಚ್ಚಿರುವುದಿಲ್ಲವಾದ್ದರಿಂದ ತಿರುಗಿಸಿ ಹೊಂದಿಸಲು ಸಿಗುವ ಜಾಗ ಕೆಲವೇ ಮಿ.ಮೀ. ಅದಕ್ಕಿಂತ ಬೇಕಾದರೆ ಬೇರೆ ರಾಡ್ ಕತ್ತರಿಸಿ, ಇರುವುದನ್ನೇ ತುದಿಯವರೆಗೆ ಎಳೆದು ನಿಲ್ಲಿಸಬೇಡಿ. ಕತ್ತರಿಸುವ ಮೊದಲು ರಾಡಿಗೆ ಒಂದು ನಟ್ ಹಾಕಿಕೊಂಡು, ಹ್ಯಾಕ್ಸಾದಲ್ಲಿ ಕೊಯ್ದು, ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ, ಆ ನಟ್ಟನ್ನು ಹೊರಕ್ಕೆ ಬಿಚ್ಚಿದರೆ ಮರೆ ತಾನೇ ಶುದ್ಧವಾಗುತ್ತದೆ.

ಎರಡೂ ತುದಿ ಬಲಮರೆಯಾದರೆ (ಬಲಕ್ಕೆ ತಿರುಗಿಸಿದಾಗ ಬಿಗಿಯಾಗುವ ಮರೆ) ರಾಡ್ ತಿರುಗಿಸಿ ಉದ್ದ ಬದಲಿಸಲಾಗದು. ಲಿಂಕ್ ಬಿಚ್ಚಿ ಸಾಕೆಟ್ಟನ್ನೇ ತಿರುಗಿಸಬೇಕು. ಅರ್ಧ ಸುತ್ತಿಗೆ ಸಾಕೆಟ್ಟಿನ ಮುಖ ಆಚೆ ಬದಿಗೆ ಹೊರಳುವುದರಿಂದ ಪೂರ್ತಿ ಸುತ್ತುಗಳೇ ಆಗಬೇಕು. ಎಂ6ರಲ್ಲಿ ಒಂದು ಸುತ್ತು ಎಂದರೆ 1 ಮಿ.ಮೀ. ಒಂದು ತುದಿಗೆ ಎಡಮರೆಯ ಸಾಕೆಟ್ಟೂ ಅದಕ್ಕೆ ಹೊಂದುವ ರಾಡೂ ಸಿಕ್ಕರೆ ಲಿಂಕ್ ಗಾಡಿಯಲ್ಲೇ ಇರುವಾಗ ತಿರುಗಿಸಬಹುದು, ಒಂದು ಸುತ್ತಿಗೆ 2 ಮಿ.ಮೀ. ಕೊನೆಗೆ ಲಾಕ್ ನಟ್ ಬಿಗಿದು ನಟ್ಟಿಗೂ ರಾಡಿಗೂ ಸೇರಿ ಒಂದು ಗೆರೆ ಬಣ್ಣ ಹಚ್ಚಿ, ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಮರೆಗೆ ಹಚ್ಚುವ ಲಾಕ್ ಅಂಟು ಕೆಲವು ಪ್ಲಾಸ್ಟಿಕ್‌ಗಳನ್ನು ಬಿರುಕು ಬಿಡಿಸುತ್ತದೆ, ಸೆನ್ಸರಿನ ತೋಳಿಗೆ ತಾಗದಂತೆ ನೋಡಿಕೊಳ್ಳಿ.

ತ್ರೀಡಿ ಪ್ರಿಂಟ್ ಮಾಡಿದ ಲಿಂಕ್ ಉದ್ದ ಗೊತ್ತುಮಾಡಿಕೊಳ್ಳುವ ಪರೀಕ್ಷೆಗೆ ಚೆನ್ನ. ಕಾಯಂ ಆಗಿ ಇಡಬೇಕೆಂದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡವೇ ಬೇಡ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದು ಮೆತ್ತಗಾಗುತ್ತದೆ. ಎಎಸ್‌ಎ ಪ್ಲಾಸ್ಟಿಕ್ ಬಳಸಿ, ಕಡ್ಡಿಯನ್ನು ಮಲಗಿಸಿ ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದರೆ ಪದರಗಳ ನಡುವೆಯೇ ಮುರಿಯುತ್ತದೆ.

ಜೋಡಿಸುವಾಗ ಪ್ರಾಣಕ್ಕೆ ಅಪಾಯವಿರುವ ವಿಷಯ ಒಂದೇ: ಲಿಂಕ್ ಅಲುಗಿದ ಕ್ಷಣ ಗಾಡಿ ತಾನಾಗಿ ಕುಸಿಯಬಹುದು. ಯೂನಿಟ್ ತಾನಾಗಿ ಎತ್ತರ ಬದಲಿಸದಂತೆ ತಡೆಯುವ ಜ್ಯಾಕ್ ಮೋಡ್ ಹಾಕಿ, ಎಂಜಿನ್ ನಿಲ್ಲಿಸಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೈ ಒಳಗೆ ಹಾಕಿ. ಚಕ್ರ ಪೂರ್ತಿ ಜೋತುಬಿದ್ದಾಗ ಲಿಂಕೂ ಸೆನ್ಸರಿನ ತೋಳೂ ಒಂದೇ ನೇರ ಗೆರೆಗೆ ಬರುತ್ತವೆಯೇ ನೋಡಿ. ಬಂದರೆ ತೋಳು ಆಚೆಗೆ ಮಗುಚಿಕೊಂಡು ಓದುವಿಕೆ ತಲೆಕೆಳಗಾಗುತ್ತದೆ. ಆ ಉದ್ದ ಬಿಟ್ಟುಬಿಡಿ. ನೇರ ಗೆರೆಗೆ ಇನ್ನೂ ಎದ್ದು ಕಾಣುವಷ್ಟು ಕೋನ ಉಳಿದಿರಬೇಕು.

ಎತ್ತರ ಅಳೆಯುವುದು ಸಮತಟ್ಟು ನೆಲದಲ್ಲಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಗಾಡಿ ಇಳಿಸಿದ ಮೇಲೆ ಸ್ವಲ್ಪ ಹಿಂದೆ ಮುಂದೆ ಓಡಿಸಿ ಟೈರಿನ ಎಳೆತ ಬಿಡಿಸಿ. ಯೂನಿಟ್ ಕೆಲವು ಮಿ.ಮೀ. ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮೇಲಿನಿಂದ ಇಳಿದು ಬಂದಾಗ ಒಂದು ಅಳತೆ, ಕೆಳಗಿನಿಂದ ಏರಿ ಬಂದಾಗ ಇನ್ನೊಂದು ಸಿಗುತ್ತದೆ. ಪ್ರತಿ ಸಲ ಒಂದೇ ದಿಕ್ಕಿನಿಂದ ಬಂದು ಅಳೆಯಿರಿ. ಎಡಬಲ ಲಿಂಕುಗಳನ್ನು ಒಂದೇ ಉದ್ದಕ್ಕೆ ಇಟ್ಟು ಆರಂಭಿಸಿ. ಒಂದು ಮೂಲೆಯನ್ನಷ್ಟೇ ಎತ್ತುತ್ತಾ ಹೋದರೆ ಆ ಮೂಲೆ ಮತ್ತು ಅದರ ಕರ್ಣದ ಎದುರಿನ ಮೂಲೆ ಹೆಚ್ಚು ಭಾರ ಹೊರುತ್ತವೆ, ಟೇಪಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಮುಂಭಾಗ ಮಾತ್ರ 25 ಮಿ.ಮೀ. ಎತ್ತಿದರೆ, 3,600 ಮಿ.ಮೀ. ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಗಾಡಿಯಲ್ಲಿ ಹೆಡ್‌ಲೈಟ್ ಬೆಳಕು 10 ಮೀಟರ್ ದೂರದಲ್ಲಿ ಸುಮಾರು 70 ಮಿ.ಮೀ. ಮೇಲೇಳುತ್ತದೆ. ದೀಪ ಎತ್ತರಕ್ಕೆ ಹೋದದ್ದು ಬೇರೆ. ಎದುರಿನವರ ಕಣ್ಣಿಗೆ ಹೊಡೆಯಲು ಇಷ್ಟು ಸಾಕು, ಅದೇ ದಿನ ಸರಿಪಡಿಸಿ. ಕ್ಯಾಂಬರ್ (ಚಕ್ರ ಮೇಲೆ ಕೆಳಗೆ ಓರೆಯಾಗುವ ಕೋನ), ಟೋ (ಚಕ್ರದ ಮುಂಭಾಗ ಒಳಗೆ ಹೊರಗೆ ತಿರುಗಿರುವ ಕೋನ) ಎರಡೂ ಬದಲಾಗಿರುವುದರಿಂದ ಅಲೈನ್‌ಮೆಂಟ್ ಕೂಡ ಹೊಸ ಎತ್ತರದಲ್ಲೇ ಆಗಬೇಕು. ಮುಂದಿನ ಗಾಜಿನ ಮೇಲೆ ಕ್ಯಾಮೆರಾ ಇರುವ ಗಾಡಿಯಾದರೆ ಅದರ ಕ್ಯಾಲಿಬ್ರೇಷನ್ನೂ ಪರೀಕ್ಷಿಸಿಸಿ.

ಸರ್ವಿಸಿಗೆ ಬಿಡುವಾಗ ಲಿಂಕ್ ಬದಲಿಸಿರುವುದನ್ನು ಬರೆದು ಕೊಡಿ. ಸ್ಕ್ಯಾನರಿನಿಂದ ಎತ್ತರದ ಕ್ಯಾಲಿಬ್ರೇಷನ್ ಮಾಡಿದರೆ ಯೂನಿಟ್ ಹೊಸ ಲಿಂಕನ್ನೇ ಮೂಲ ಎಂದು ಕಲಿತು ಗಾಡಿಯನ್ನು ಹಳೆಯ ಎತ್ತರಕ್ಕೆ ತರುತ್ತದೆ. ಅನಂತರ ಮೂಲ ಲಿಂಕ್ ಹಾಕಿದರೆ ಗಾಡಿ ಎದುರು ದಿಕ್ಕಿಗೆ ಅಷ್ಟೇ ಸರಿಯುತ್ತದೆ, ಮತ್ತೆ ಕ್ಯಾಲಿಬ್ರೇಟ್ ಮಾಡಿಸದೆ ಬೇರೆ ದಾರಿಯಿಲ್ಲ.