‘ನನ್ನಿಂದ ಆಗುವುದಿಲ್ಲ’ ಎಂಬ ಮಾತಿನ ಹಿಂದೆ

ಮಾದಕ ವ್ಯಸನಕ್ಕೆ ಸಿಲುಕಿದವರು ‘ಇದನ್ನು ಬಿಡುವುದು ನನ್ನಿಂದ ಆಗುವುದಿಲ್ಲ’ ಎಂದಾಗ ಮನೆಯವರು ಅದನ್ನು ನೆಪವೆಂದು ತಿಳಿದು ಸಿಟ್ಟಾಗುತ್ತಾರೆ. ಬಿಡಲು ಹೊರಟು ಸೋತ ಒಂದೊಂದು ಸಲವೂ ಗಟ್ಟಿಯಾಗುತ್ತ ಬಂದ ನಂಬಿಕೆ ಅದು ಎಂಬುದು ನನ್ನ ಅಭಿಪ್ರಾಯ.

ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏನು ಮಾಡಿದರೂ ವಿದ್ಯುತ್ ಆಘಾತವನ್ನು ನಿಲ್ಲಿಸಲಾಗದೆ ಹೋದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಗ್ಗಾದ ತಡೆಯೊಂದನ್ನು ಹಾರಿ ಪಾರಾಗುವ ಅವಕಾಶವಿದ್ದಾಗಲೂ ಹಾರಲಿಲ್ಲ. ಅಷ್ಟೇ ಆಘಾತ ಉಂಡಿದ್ದರೂ, ತಲೆಯಿಂದ ಫಲಕವನ್ನು ಒತ್ತಿ ಅದನ್ನು ನಿಲ್ಲಿಸಬಲ್ಲವಾಗಿದ್ದ ನಾಯಿಗಳು ಹಾರಿದವು. ಹಾರದ ನಾಯಿಗಳು ತಾವು ಏನು ಮಾಡಿದರೂ ಫಲವಿಲ್ಲವೆಂದು ಕಲಿತಿದ್ದವು ಎಂಬುದು ಆ ಇಬ್ಬರ ಸಿದ್ಧಾಂತವಾಗಿತ್ತು. ಆ ಪ್ರಾಣಿಗಳ ಹಿಂಸೆಯನ್ನು ನೆನೆದರೆ ಸಂಕಟವಾಗುತ್ತದೆ. ಆದರೂ ಅವುಗಳಿಂದ ತಿಳಿದದ್ದನ್ನು ಮರೆಯುವಂತಿಲ್ಲ.

ವ್ಯಸನದಲ್ಲಿ ಈ ಪಾಠ ಇನ್ನೂ ಕ್ರೂರವಾಗಿದೆ. ಬೆಳಿಗ್ಗೆ ಅಫೀಮು ಜಾತಿಯ ಮಾದಕವನ್ನು ಬಿಡುವೆನೆಂದು ನಿರ್ಧರಿಸಿದವನಿಗೆ ರಾತ್ರಿಯ ಹೊತ್ತಿಗೆ ಮೈಕೈ ನೋವು, ಬೆವರು, ವಾಂತಿ ಶುರುವಾಗಿ ನಿದ್ದೆ ಹಾರಿಹೋಗುತ್ತದೆ. ಅವನ ಯಾವ ಪ್ರಯತ್ನಕ್ಕೂ ಬಗ್ಗದ ಆ ಯಾತನೆ, ಅದೇ ಮಾದಕವನ್ನು ತೆಗೆದುಕೊಂಡ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ತನ್ನ ಶ್ರಮಕ್ಕೆ ಫಲವಿಲ್ಲ, ಮಾದಕಕ್ಕಿದೆ ಎಂದು ದೇಹವೇ ಅವನಿಗೆ ಕಲಿಸಿಬಿಡುತ್ತದೆ.

2016ರಲ್ಲಿ ಅದೇ ಇಬ್ಬರು ವಿಜ್ಞಾನಿಗಳು ತಮ್ಮ ಸಿದ್ಧಾಂತವನ್ನೇ ತಿರುಗಿಸಿದರು: ದೀರ್ಘ ಯಾತನೆಗೆ ಸಿಕ್ಕಾಗ ಕೈಚೆಲ್ಲುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಹತೋಟಿ ಸಾಧ್ಯವೆಂಬುದನ್ನು ಮಿದುಳಿನ ಮುಂಭಾಗ ಕಲಿತುಕೊಳ್ಳಬೇಕು ಎಂದರು. ನನಗೆ ಇದು ದೊಡ್ಡ ಭರವಸೆಯಾಗಿ ಕಾಣುತ್ತದೆ. ಹಾಗೆ ಕಲಿಯಲು ಉಪದೇಶ ಸಾಲದು, ತಾನೇ ಮಾಡಿದ್ದು ಫಲಿಸಿದ ಅನುಭವ ಬೇಕು. ಬುಪ್ರೆನಾರ್ಫಿನ್‌ನಂತಹ ಔಷಧಿ ಯಾತನೆಯನ್ನು ತಗ್ಗಿಸಿದಾಗ ಅಂಥ ಅನುಭವಕ್ಕೆ ಎಡೆಯಾಗುತ್ತದೆ. ಸೆಳೆತ ಬಂದಾಗ ಹಳೆಯ ಗೆಳೆಯನ ಕರೆಗೆ ಓಗೊಡದೆ ಕುಳಿತವನು, ಅದು ಏರಿ ತಾನಾಗಿ ಇಳಿಯುವುದನ್ನು ಸ್ವತಃ ಕಾಣುತ್ತಾನೆ. ಎಲ್ಲ ತೀರ್ಮಾನಗಳನ್ನೂ ಕಿತ್ತುಕೊಂಡು ಕೂಡಿಹಾಕುವ ‘ಚಿಕಿತ್ಸೆ’ಯನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ನಡುವೆ ಒಮ್ಮೆ ಎಡವಿದಾಗ ಅದನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದೂ ಮುಖ್ಯ. ‘ನಾನು ಇಷ್ಟೇ’ ಎಂದುಕೊಂಡವರು ಪೂರ್ತಿ ಜಾರುವ ಸಂಭವ ಹೆಚ್ಚೆಂದು ಮನೋವಿಜ್ಞಾನಿ ಅಲನ್ ಮಾರ್ಲಾಟ್ ವಿವರಿಸಿದ್ದರು. ಆದ್ದರಿಂದ ಮನೆಯವರು ‘ಮತ್ತೆ ಶುರುಮಾಡಿದೆಯಾ?’ ಎನ್ನುವ ಬದಲು ‘ಆ ಸಂಜೆ ಏನಾಯಿತು, ಯಾರು ಜೊತೆಗಿದ್ದರು?’ ಎಂದು ಕೇಳಲಿ. ಕೆಲಕಾಲ ಬಿಟ್ಟವರ ದೇಹದಲ್ಲಿ ತಾಳುವ ಶಕ್ತಿ ಕುಗ್ಗಿರುವುದರಿಂದ ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಲ್ಲದು; ಎಡವಿದ್ದನ್ನು ಅವರು ಹೆದರಿ ಮುಚ್ಚಿಡುವಂತಾಗಬಾರದು.