ಲೂಸಿಯ ಮಗ ಯಾಕೆ ಅಷ್ಟು ಸಪ್ಪೆ?

ನನಗೆ ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿಗಳ ಹುಚ್ಚಿದೆ ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದೇ ಬರುತ್ತಾರೆ. ಯೂಟ್ಯೂಬಿನಲ್ಲಿ ‘ಹಿಯರ್ಸ್ ಲೂಸಿ’ಯ ಎರಡು ಕಂತು ನೋಡಿರುತ್ತಾರೆ, ಮೂರನೆಯದಕ್ಕೆ ತಡೆಯಲಾಗದೆ ಫೋನ್ ಮಾಡುತ್ತಾರೆ. “ಅಲ್ಲಾ, ಅಮ್ಮ ಅಷ್ಟು ದೊಡ್ಡ ನಟಿ. ಮಗ ನೋಡಿದ್ರೆ ಕಂಬದ ಥರ ನಿಂತಿರ್ತಾನೆ. ಅವಳಿಗೆ ಕಾಣ್ತಿರ್ಲಿಲ್ವಾ?” ನಮ್ಮ ಚಿಕ್ಕಮ್ಮನದು ಇನ್ನೂ ಖಾರ: “ಹೆತ್ತೋರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳಿದಾರೇನೋ?”

ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಪೂರ್ತಿ ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಗೊತ್ತಿಲ್ಲದವರಿಗಾಗಿ ಹಿನ್ನೆಲೆ. ಲೂಸಿಲ್ ಬಾಲ್ ಅಂದರೆ 1951ರಿಂದ 1957ರವರೆಗೆ ಅಮೆರಿಕದ ಸಿಬಿಎಸ್ ಟಿವಿಯಲ್ಲಿ ಬಂದ ‘ಐ ಲವ್ ಲೂಸಿ’ಯ ಲೂಸಿ. ಅದರಲ್ಲಿ ಗಂಡನ ಪಾತ್ರ ಮಾಡಿದ್ದು ನಿಜವಾದ ಗಂಡನೇ, ಕ್ಯೂಬಾದಿಂದ ಬಂದ ಸಂಗೀತಗಾರ ಡೆಸಿ ಅರ್ನಾಜ್. 1960ರಲ್ಲಿ ಇಬ್ಬರೂ ಬೇರೆಯಾದರು. ಆಮೇಲೆ ‘ದ ಲೂಸಿ ಶೋ’ ಬಂತು, ಅದು ಮುಗಿದ ವರ್ಷವೇ, 1968ರ ಸೆಪ್ಟೆಂಬರಿನಲ್ಲಿ, ‘ಹಿಯರ್ಸ್ ಲೂಸಿ’. ಲೂಸಿ ಕಾರ್ಟರ್ ಎಂಬ ವಿಧವೆ, ಆಕೆಗೆ ಸದಾ ಸಿಡುಕುವ ಭಾವ ಹ್ಯಾರಿ, ಅವನ ಉದ್ಯೋಗ ಏಜೆನ್ಸಿಯಲ್ಲಿ ಈಕೆಗೆ ಕೆಲಸ. ಮನೆಯಲ್ಲಿ ಕಿಮ್ ಮತ್ತು ಕ್ರೇಗ್ ಅಂತ ಇಬ್ಬರು ಮಕ್ಕಳು. ಈ ಎರಡು ಪಾತ್ರಗಳಿಗೆ ಲೂಸಿಲ್ ತನ್ನ ಹೆತ್ತ ಮಕ್ಕಳನ್ನೇ ಹಾಕಿಕೊಂಡಳು: ಲೂಸಿ ಅರ್ನಾಜ್, ಡೆಸಿ ಅರ್ನಾಜ್ ಜೂನಿಯರ್. ಆಗ ಅವಳಿಗೆ 17, ಅವನಿಗೆ 15. (ಲೂಸಿಗಳ ಜಾತ್ರೆಯೇ ಇದೆ ಇಲ್ಲಿ. ಗೊಂದಲ ಬೇಡ ಅಂತ ಮಗಳನ್ನು ಬರೀ ಮಗಳು ಅಂತಲೇ ಕರೆಯುತ್ತೇನೆ.)

ಮಗ ಸಪ್ಪೆ. ಒಪ್ಪಿದೆ, ವಾದವೇ ಇಲ್ಲ. ಮೊದಲ ವರ್ಷದ ಕಂತುಗಳಲ್ಲಿ ಅವನ ಮಾತು ಬಿಟ್ಟು ಕೈ ನೋಡಿ. ಮಾತನ್ನೇನೋ ತಪ್ಪಿಲ್ಲದೆ ಒಪ್ಪಿಸುತ್ತಾನೆ. ಮಾತು ಮುಗಿದ ಮೇಲೆ ಆ ಎರಡು ಕೈಗಳಿಗೆ ಭೂಮಿಯ ಮೇಲೆ ಯಾವ ಕೆಲಸವೂ ಇಲ್ಲ. ಇನ್ನೊಬ್ಬರು ಮಾತಾಡುವಾಗ ಅವನು ಕೇಳಿಸಿಕೊಳ್ಳುತ್ತಿರುವುದಿಲ್ಲ, ತನ್ನ ಸರದಿಗೆ ಕಾಯುತ್ತಿರುತ್ತಾನೆ.

ಇದು ನನ್ನ ಕಣ್ಣಿಗೆ ಬೀಳುವುದಕ್ಕೊಂದು ಕಾರಣವಿದೆ. ನಮ್ಮಪ್ಪ ಊರಿನ ಗಣೇಶೋತ್ಸವದ ನಾಟಕಗಳಲ್ಲಿ ಹಾಸ್ಯಪಾತ್ರಕ್ಕೆ ಹೆಸರುವಾಸಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಕಾಫಿ ತರುವ ಹುಡುಗನ ಪಾತ್ರದವನಿಗೆ ಜ್ವರ ಬಂತು, ಆ ಜಾಗಕ್ಕೆ ನನ್ನನ್ನು ನಿಲ್ಲಿಸಿದರು. ಇದ್ದದ್ದು ಒಂದೇ ಮಾತು: “ಸಕ್ಕರೆ ಮುಗಿದೋಗಿದೆ ಬುದ್ಧೀ.” ಅಪ್ಪ ಏನೋ ಅಂದರು, ಪೆಂಡಾಲು ಗೊಳ್ಳೆಂದಿತು, ಆ ನಗುವಿನ ನಡುಮಧ್ಯಕ್ಕೆ ನಾನು ನನ್ನ ಮಾತು ಎಸೆದೆ. ಮೊದಲ ಸಾಲಿನವರಿಗೂ ಕೇಳಿಸಲಿಲ್ಲ. ಆ ಸಕ್ಕರೆಗೆ ಅಪ್ಪ ಕೊಡಬೇಕಿದ್ದ ಉತ್ತರವೇ ಆ ದೃಶ್ಯದ ದೊಡ್ಡ ನಗು. ಪ್ರಶ್ನೆಯೇ ಕೇಳಿಸದಿದ್ದರೆ ಉತ್ತರಕ್ಕೆ ಯಾರು ನಗುತ್ತಾರೆ? ಮಿಕ್ಕ ಹತ್ತು ನಿಮಿಷ ತಟ್ಟೆ ಹಿಡಿದು ನಿಂತಿದ್ದೆ, ಲೋಟಗಳು ಒಂದಕ್ಕೊಂದು ಟಕಟಕ ಅನ್ನುತ್ತಿದ್ದವು. ಮನೆಗೆ ನಡೆದು ಬರುವಾಗ ಅಪ್ಪ ಹೇಳಿದ್ದು ಇಷ್ಟೇ: “ನಗು ಇಳಿಯೋತನ್ಕ ಕಾಯ್ಬೇಕು ಕಣೋ. ಪೂರ್ತಿ ಇಳಿಯೋಕೂ ಬಿಡಬಾರ್ದು.”

ಲೂಸಿಲ್‌ಳ ಧಾರಾವಾಹಿಗಳು ಮೂರು ಕ್ಯಾಮೆರಾ ಇಟ್ಟು, ಎದುರಿಗೆ ನಿಜವಾದ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸಿದವು. ಹಾಗಾಗಿ ನಮ್ಮ ಪೆಂಡಾಲಿನ ಕಷ್ಟವೇ ಅಲ್ಲಿಯದೂ. ಜೊತೆಗೆ ಕ್ರೇಗ್‌ನ ಪಾತ್ರ ಎಂಥದ್ದು ನೋಡಿ. “ಏನಾಯ್ತಮ್ಮಾ?” ಅನ್ನಬೇಕು, “ಹ್ಯಾರಿ ಅಂಕಲ್‌ಗೆ ಗೊತ್ತಾದ್ರೆ?” ಅನ್ನಬೇಕು, ಹೆಚ್ಚೂಕಡಿಮೆ ಅಷ್ಟೇ. ಒಗ್ಗರಣೆ ಹಾಕುವವರು ಬೇರೆ, ಇವನು ಬಾಣಲೆ ಹಿಡಿದುಕೊಳ್ಳುವವನು. ಇದು ಸುಲಭದ ಕೆಲಸ ಅಂತ ನೋಡುವವರಿಗೆ ಅನ್ನಿಸುತ್ತದೆ. ಒಂದು ಪಕ್ಕದಲ್ಲಿ ಮೂವತ್ತರ ದಶಕದಿಂದ ಸಿನಿಮಾದಲ್ಲಿ ಪಳಗಿದ ಅಮ್ಮ. ಇನ್ನೊಂದು ಪಕ್ಕದಲ್ಲಿ ಹ್ಯಾರಿಯಾಗಿ ಗೇಲ್ ಗಾರ್ಡನ್, ರೇಡಿಯೋ ಕಾಲದಿಂದಲೂ ಸಿಟ್ಟನ್ನು ಹಾಲು ಉಕ್ಕಿದಂತೆ ನಿಧಾನಕ್ಕೆ ಉಕ್ಕಿಸುವುದರಲ್ಲಿ ನಿಸ್ಸೀಮ. ಈ ಇಬ್ಬರ ನಡುವೆ ನಿಂತರೆ ಪಳಗಿದ ನಟನೂ ಮಂಕಾಗುತ್ತಾನೆ.

ಇದನ್ನು ನೆಲ್ಸನ್ ಕುಟುಂಬದ ಜೊತೆ ಇಟ್ಟು ನೋಡಬೇಕು. ‘ದ ಅಡ್ವೆಂಚರ್ಸ್ ಆಫ್ ಆಜಿ ಅಂಡ್ ಹ್ಯಾರಿಯೆಟ್’ ಅಂತ ಒಂದಿತ್ತು, ಎಬಿಸಿಯಲ್ಲಿ 1952ರಿಂದ 1966ರವರೆಗೆ. ಅಪ್ಪ ಆಜಿ ನೆಲ್ಸನ್, ಅಮ್ಮ ಹ್ಯಾರಿಯೆಟ್, ಮಕ್ಕಳು ಡೇವಿಡ್, ರಿಕಿ. ಎಲ್ಲರೂ ಅವರವರೇ. ಅದಕ್ಕೂ ಮೊದಲು ರೇಡಿಯೋದಲ್ಲಿ ಬರುತ್ತಿದ್ದಾಗ ಮಕ್ಕಳ ಪಾತ್ರಕ್ಕೆ ಬೇರೆ ನಟರಿದ್ದರು, 1949ರಲ್ಲಷ್ಟೇ ಸ್ವಂತ ಮಕ್ಕಳು ಬಂದರು. ಆ ಹುಡುಗರೇನು ಮಹಾ ನಟರಲ್ಲ. ಆದರೆ ಆಜಿ ಇಡೀ ಧಾರಾವಾಹಿಯನ್ನೇ ತಣ್ಣಗೆ ಇಟ್ಟಿದ್ದ. ಅಲ್ಲಿ ಯಾರೂ ಎಗರುವುದಿಲ್ಲ, ಬೀಳುವುದಿಲ್ಲ, ಅಡುಗೆಮನೆಯಲ್ಲಿ ಐಸ್‌ಕ್ರೀಮಿನ ಬಗ್ಗೆ ಮಾತಾಡುತ್ತಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ಸಪ್ಪೆಯಾದ ಮನೆಯಲ್ಲಿ ಸಪ್ಪೆ ಮಗ ಎದ್ದು ಕಾಣುವುದಿಲ್ಲ. 1957ರಲ್ಲಿ ರಿಕಿಗೆ ಹಾಡಬೇಕು ಅನ್ನಿಸಿದಾಗ ಅಪ್ಪ ಅದನ್ನೂ ಕಥೆಯೊಳಗೆ ತಂದ, ಹುಡುಗ ದೇಶದ ರಾಕ್ ತಾರೆಯಾದ. ಲೂಸಿಲ್‌ಳ ಮನೆಯಲ್ಲಿ ಮಾತ್ರ ಪ್ರತಿ ವಾರ ಬೆಂಕಿ ಬೀಳುತ್ತಿತ್ತು, ಪಕ್ಕದಲ್ಲಿ ಹುಡುಗ ಕೈಕಟ್ಟಿ ನಿಂತಿರುತ್ತಿದ್ದ.

ಇಲ್ಲಿ ಇನ್ನೊಂದು ಪ್ರಶ್ನೆ ನುಸುಳುತ್ತದೆ: “ಈ ಡೆಸಿ ಜೂನಿಯರ್ ಐ ಲವ್ ಲೂಸಿಯಲ್ಲಿ ಲೂಸಿಯ ಮಗನಾಗಿ ಬರೋ ಪುಟ್ಟ ರಿಕಿ ಅಲ್ವಾ?” ಅಲ್ಲ. ಆದರೆ ಅಮೆರಿಕದ ಅರ್ಧಕ್ಕರ್ಧ ಜನ ಹಾಗೇ ಅಂದುಕೊಂಡಿದ್ದರೆ ತಪ್ಪೇನಿಲ್ಲ. 1953ರ ಜನವರಿ 19, ಸೋಮವಾರ. ಬೆಳಿಗ್ಗೆ ಲೂಸಿಲ್‌ಗೆ ಮೊದಲೇ ನಿಗದಿಯಾಗಿದ್ದ ಸಿಸೇರಿಯನ್ ಆಯಿತು, ಗಂಡು ಹುಟ್ಟಿತು, ಅವನೇ ಈ ಡೆಸಿ ಜೂನಿಯರ್. ರಾತ್ರಿ, ವಾರಗಟ್ಟಲೆ ಮೊದಲೇ ಚಿತ್ರೀಕರಿಸಿಟ್ಟಿದ್ದ ಕಂತಿನಲ್ಲಿ ಲೂಸಿಗೂ ಗಂಡೇ ಹುಟ್ಟಿತು. ಸುಮಾರು 4.4 ಕೋಟಿ ಜನ ನೋಡಿದರು. ಮರುದಿನ ನಡೆದ ಅಧ್ಯಕ್ಷ ಐಸೆನ್‌ಹೋವರ್ ಪದಗ್ರಹಣಕ್ಕೂ ಅಷ್ಟು ಜನ ಟಿವಿ ಮುಂದೆ ಕೂತಿರಲಿಲ್ಲ. ಏಪ್ರಿಲ್‌ನಲ್ಲಿ ‘ಟಿವಿ ಗೈಡ್’ ಪತ್ರಿಕೆಯ ಮೊದಲ ರಾಷ್ಟ್ರೀಯ ಸಂಚಿಕೆ ಬಂದಾಗ ಮುಖಪುಟದಲ್ಲಿ ಈ ಕೂಸು. ಮೂರು ತಿಂಗಳು ತುಂಬಿರಲಿಲ್ಲ! ಆ ಪಾತ್ರಕ್ಕೆ ಮಾತ್ರ ಲೂಸಿಲ್ ಅವನನ್ನು ತರಲಿಲ್ಲ. ದೊಡ್ಡವನಾದ ಪುಟ್ಟ ರಿಕಿಯಾಗಿ ನಟಿಸಿದ್ದು ಕೀತ್ ಥಿಬೋಡೋ ಅನ್ನುವ, ಡ್ರಮ್ ಬಾರಿಸುವುದರಲ್ಲಿ ಅಸಾಧ್ಯ ಚೂಟಿಯಾಗಿದ್ದ ಬೇರೆ ಹುಡುಗ. ಅಂದರೆ ಪಾತ್ರಕ್ಕೆ ಯಾರು ಬೇಕು ಅನ್ನುವುದು ಆಕೆಗೆ ಗೊತ್ತಿತ್ತು.

ಹಾಗಾದರೆ 1968ರಲ್ಲಿ ಯಾಕೆ? ನನಗೆ ಕಾಣುವುದು ಎರಡು ಕಾರಣ. ಹಿಂದಿನ ವರ್ಷ ಆಕೆ ತನ್ನ ಡೆಸಿಲು ಸ್ಟುಡಿಯೋವನ್ನು ಗಲ್ಫ್ ಅಂಡ್ ವೆಸ್ಟರ್ನ್ ಕಂಪನಿಗೆ ಮಾರಿದ್ದಳು. ‘ದ ಲೂಸಿ ಶೋ’ ಅದರ ಜೊತೆಗೇ ಹೋಯಿತು. ಹೊಸದು ತನ್ನದೇ ಆಗಿರಲಿ ಅಂತ ಹೊಸ ಕಂಪನಿ ಕಟ್ಟಿದಳು, ಎರಡನೇ ಗಂಡ ಗ್ಯಾರಿ ಮಾರ್ಟನ್ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಆದ. ಯಜಮಾನಿ ಅಮ್ಮ, ಮೇಲ್ವಿಚಾರಕ ಮಲತಂದೆ. ಆ ಸೆಟ್ಟಿನಲ್ಲಿ “ಹುಡುಗ ಇನ್ನೂ ಪಳಗಬೇಕು ಮೇಡಂ” ಅನ್ನುವ ಧೈರ್ಯ ಯಾರಿಗಿದ್ದೀತು? ಎರಡನೆಯದು, ಈ ಹುಡುಗ ‘ಡೀನೋ, ಡೆಸಿ ಅಂಡ್ ಬಿಲ್ಲಿ’ ಅನ್ನುವ ತಂಡದಲ್ಲಿ ಡ್ರಮ್ ಬಾರಿಸಿ 1965ರಲ್ಲೇ, ಹನ್ನೆರಡನೇ ವಯಸ್ಸಿಗೇ, ಹುಡುಗಿಯರು ಕಿರುಚುವಂಥ ಪಾಪ್ ತಾರೆಯಾಗಿದ್ದ. ಅರವತ್ತರ ದಶಕದ ಕೊನೆಯ ಲಾಸ್ ಏಂಜಲೀಸಿನಲ್ಲಿ ಇಂಥ ಮಗನನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಕಣ್ಣೆದುರಿಗೆ ಇಟ್ಟುಕೊಳ್ಳಲು ತಾಲೀಮಿಗಿಂತ ಒಳ್ಳೆಯ ನೆಪ ಯಾವ ತಾಯಿಗೆ ಸಿಕ್ಕೀತು?

ಮಗ ಸಪ್ಪೆ ಅನ್ನುವುದು ಆಕೆಗೆ ಕಂಡಿತ್ತು ಅಂತಲೇ ನನ್ನ ನಂಬಿಕೆ. ಮೂರನೇ ವರ್ಷದಲ್ಲಿ ಹೆಸರಾಂತ ಜಾಝ್ ಡ್ರಮ್ಮರ್ ಬಡ್ಡಿ ರಿಚ್ ಅತಿಥಿಯಾಗಿ ಬರುವ ಡ್ರಮ್ ಸ್ಪರ್ಧೆಯ ಕಂತು ನೋಡಿ. ಕ್ರೇಗ್ ಕೈಗೆ ಕೋಲು ಬರುತ್ತದೆ, ಹುಡುಗನೇ ಬೇರೆ! ಭುಜ ಸಡಿಲ, ಕಣ್ಣಲ್ಲಿ ಬೆಳಕು. ಕೈಗೆ ಏನು ಕೊಡಬೇಕು ಅನ್ನುವುದು ಬರೆದವರಿಗೆ ಹೊಳೆದಿತ್ತು, ತಡವಾಗಿತ್ತು ಅಷ್ಟೇ. ಆ ವರ್ಷ, 1970–71ರಲ್ಲಿ, ‘ಹಿಯರ್ಸ್ ಲೂಸಿ’ ಇಡೀ ದೇಶದಲ್ಲಿ ಮೂರನೇ ಸ್ಥಾನದಲ್ಲಿತ್ತು. ನಮಗಿರುವ ತಕರಾರು ಆಗಿನ ನೋಡುಗರಿಗೆ ಇದ್ದಂತಿಲ್ಲ. ಆ ವರ್ಷ ಮುಗಿಯುತ್ತಲೇ ಅವನು ಧಾರಾವಾಹಿ ಬಿಟ್ಟ.

ಮಗಳು ಬಿಡಲಿಲ್ಲ, 1974ರ ಕೊನೆಯ ಕಂತಿನವರೆಗೂ ಇದ್ದಳು. ಅವಳೂ ಮೊದಮೊದಲು ಹಲ್ಲುಕಿರಿದು ನಿಲ್ಲುತ್ತಿದ್ದವಳೇ. 1972ರಲ್ಲಿ ಅಮ್ಮ ಹಿಮದಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲು ಮುರಿದುಕೊಂಡಳು, ಮುಂದಿನ ವರ್ಷದ ಕಥೆಗಳನ್ನೆಲ್ಲ ಪ್ಲಾಸ್ಟರ್ ಕಾಲಿಗೆ ತಕ್ಕಂತೆ ಬರೆಯಬೇಕಾಯಿತು. ಏಳುವ ಬೀಳುವ ಹಾಸ್ಯದ ಪಾಲು ಮಗಳ ಮೇಲೂ ಬಿತ್ತು, ಅಲ್ಲಿ ಅವಳು ಕುದುರಿದಳು. 1979ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ನಾಯಕಿಯಾಗಿ ನಿಂತಳು.

“ನಮ್ಮ ಅಪ್ಪು ಇರ್ಲಿಲ್ವಾ?” ಅಂತ ಕೇಳುವವರೂ ಇದ್ದಾರೆ. ಇದ್ದರು. ಆದರೆ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದ ಅಪ್ಪನ ಎದುರು ಆ ಪುಟ್ಟ ಹುಡುಗನಿಗಿದ್ದದ್ದು ಪ್ರಹ್ಲಾದನ ಪಾತ್ರ. ಅಪ್ಪ ಎಷ್ಟೇ ಗುಡುಗಿದರೂ ಕಥೆಯಲ್ಲಿ ಗೆಲ್ಲುವವನು ಮಗ. ಕ್ರೇಗ್‌ಗೆ ಸಿಕ್ಕಿದ್ದು “ಏನಾಯ್ತಮ್ಮಾ?”

ಇನ್ನು ಆ ಅಮ್ಮನ ಕೈ. ಅದೇ 1970ರಲ್ಲಿ ಹಾಲಿವುಡ್ಡಿನ ತಾರಾ ದಂಪತಿ ಎಲಿಜಬೆತ್ ಟೇಲರ್, ರಿಚರ್ಡ್ ಬರ್ಟನ್ ಬಂದ ಕಂತಿದೆ. ಟೇಲರ್‌ಳ ವಜ್ರದುಂಗುರ ಲೂಸಿಯ ಬೆರಳಿಗೆ ಸಿಕ್ಕಿಕೊಂಡು ಬರುವುದೇ ಇಲ್ಲ. ಪತ್ರಕರ್ತರು ಉಂಗುರ ನೋಡಲು ಬಂದು ನಿಂತಿದ್ದಾರೆ. ಕೊನೆಗೆ ಲೂಸಿ ಪರದೆಯ ಹಿಂದೆ ನಿಂತು ತನ್ನ ಕೈಯೊಂದನ್ನೇ ಟೇಲರ್‌ಳ ಕೈ ಎಂಬಂತೆ ಮುಂದಕ್ಕೆ ಚಾಚುತ್ತಾಳೆ. ಮುಖವಿಲ್ಲ, ಮಾತಿಲ್ಲ, ಒಂದು ಕೈ ಅಷ್ಟೇ. ಅದು ಮಾಡುವ ನಟನೆ ನೋಡಬೇಕು.

ಚಿಕ್ಕಮ್ಮನಿಗೆ ಹೋದ ತಿಂಗಳು 1992ರ ‘ದ ಮಾಂಬೊ ಕಿಂಗ್ಸ್’ ಚಿತ್ರದ ಒಂದು ತುಣುಕು ತೋರಿಸಿದೆ. ಅದರಲ್ಲಿ ಈ ಮಗ ತನ್ನ ಅಪ್ಪನ ಪಾತ್ರ ಮಾಡಿದ್ದಾನೆ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಐ ಲವ್ ಲೂಸಿಯ ಹಳೆಯ ಚಿತ್ರಿಕೆಗಳಿಂದ ಲೂಸಿಲ್‌ಳನ್ನು ತಂದು ಹೊಸ ದೃಶ್ಯಕ್ಕೆ ಹೊಲಿದಿದ್ದಾರೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದರು.

“ಇವನೇನೋ ಅವನು?”

“ಹೂಂ, ಅವನೇ.”

“ಚೆನ್ನಾಗಿ ಮಾಡಿದಾನೆ ಕಣೋ,” ಅಂದರು. ಫೋನ್ ವಾಪಸ್ ಕೊಡುತ್ತಾ, “ಆದ್ರೆ ಅದ್ರಲ್ಲಿ ಮಾತ್ರ ಕಂಬಾನೇ.”