ಹೆಸರು ಹಾಕಿದ್ರೆ ಸಿಗಲ್ಲ, ವಿಳಾಸ ಹಾಕಿದ್ರೆ ಸಿಗುತ್ತೆ

ವಿಡಿಯೊ ಆರಿಸಿ ಕೊಡುವುದು ನನ್ನ ಕೆಲಸ. ನಮ್ಮ ತಂಡ ಬ್ಲೆಂಡರ್ (ತ್ರೀಡಿ ಮಾಡುವುದು), ಇಂಕ್‌ಸ್ಕೇಪ್ (ಚಿತ್ರ ಬರೆಯುವುದು), ಲಿನಕ್ಸ್ ಥರದ ಫ್ರೀ ಸಾಫ್ಟ್‌ವೇರ್ ಕಲಿಸುತ್ತದೆ. ಯಾವ ಪಾಠಕ್ಕೆ ಯಾರ ವಿಡಿಯೊ ಹೊಂದುತ್ತದೆ ಅಂತ ನೋಡಿ ಪಟ್ಟಿ ಮಾಡುತ್ತೇನೆ. ಅದರಲ್ಲಿ ಸುಮಾರು ವಿಡಿಯೊಗಳು, ಯೂಟ್ಯೂಬ್ ಥರ ವಿಡಿಯೊ ಹಾಕಿ ನೋಡುವ ಪಿಯರ್‌ಟ್ಯೂಬ್‌ನವು. ತಂಡಕ್ಕೆ ಹೊಸದಾಗಿ ಸೇರಿದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: "ಹುಡುಕಿದೆ, ಏನೂ ಸಿಗ್ಲಿಲ್ಲ. ಆ ಚಾನೆಲ್ ನಿಜವಾಗ್ಲೂ ಇದೆಯಾ?"

ಇದೆ. ಆದರೆ ಅವರು ಹುಡುಕಿದ ಸರ್ವರ್‌ಗೆ ಅದು ಗೊತ್ತಿಲ್ಲ, ಅಷ್ಟೇ.

ಪಿಯರ್‌ಟ್ಯೂಬ್ ಒಂದು ಸೈಟ್ ಅಲ್ಲ. ಫ್ರಾನ್ಸಿನ ಫ್ರಾಮಾಸಾಫ್ಟ್ ಅನ್ನುವ ಲಾಭರಹಿತ ಸಂಸ್ಥೆ ಬೆಳೆಸುತ್ತಿರುವ ಸಾಫ್ಟ್‌ವೇರ್ ಅದು. ಮೊದಲ ಪೂರ್ಣ ಆವೃತ್ತಿ ಬಂದದ್ದು 2018ರಲ್ಲಿ. ಯಾರು ಬೇಕಾದರೂ ಅದನ್ನು ತಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಈ ಸರ್ವರ್‌ಗಳು ಆಕ್ಟಿವಿಟಿಪಬ್ ಅನ್ನುವ ನಿಯಮದ ಮೇಲೆ ಒಂದಕ್ಕೊಂದು ಮಾತಾಡುತ್ತವೆ. ಆದರೆ ಎಲ್ಲವೂ ಎಲ್ಲದರ ಜೊತೆ ಮಾತಾಡುವುದಿಲ್ಲ. ಸರ್ವರ್ ನಡೆಸುವವರು ಯಾವ ಸರ್ವರ್‌ಗಳನ್ನು ಫಾಲೋ ಮಾಡಿದ್ದಾರೋ, ಅಲ್ಲಿನ ಬಳಕೆದಾರರು ಯಾವ ಚಾನೆಲ್‌ಗಳಿಗೆ ಸಬ್‌ಸ್ಕ್ರೈಬ್ ಆಗಿದ್ದಾರೋ, ಮುಖ್ಯವಾಗಿ ಅವುಗಳ ವಿಡಿಯೊ ಮಾತ್ರ ಆ ಸರ್ವರ್‌ನ ಹುಡುಕಾಟದಲ್ಲಿ ಬರುತ್ತದೆ. ಒಂದೇ ಪದ ಹಾಕಿ ಎರಡು ಸರ್ವರ್‌ಗಳಲ್ಲಿ ಹುಡುಕಿ ನೋಡಿ, ಎರಡು ಬೇರೆ ಬೇರೆ ಪಟ್ಟಿ ಬರುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ಹಾಗಾಗಿ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತೇನೆ. ಬ್ಲೆಂಡರ್‌ನವರು 2018ರಿಂದ ತಮ್ಮದೇ ಪಿಯರ್‌ಟ್ಯೂಬ್ ಸರ್ವರ್ ಇಟ್ಟುಕೊಂಡಿದ್ದಾರೆ. ಅದನ್ನು ಫಾಲೋ ಮಾಡದ ಒಂದು ಚಿಕ್ಕ ಸರ್ವರ್‌ನಲ್ಲಿ ಲಾಗಿನ್ ಆಗಿ, ಅವರ ಒಂದು ಚಾನೆಲ್‌ನ ಹೆಸರು ಟೈಪ್ ಮಾಡುತ್ತೇನೆ. ಏನೂ ಇಲ್ಲ. ಆಮೇಲೆ ಅದೇ ಚಾನೆಲ್ ಪುಟದ ಪೂರ್ತಿ ವಿಳಾಸವನ್ನು ಬ್ರೌಸರ್‌ನಿಂದ ಕಾಪಿ ಮಾಡಿ ಅದೇ ಹುಡುಕುವ ಜಾಗದಲ್ಲಿ ಅಂಟಿಸುತ್ತೇನೆ. ಒಂದು ಕ್ಷಣ ತಡವಾಗುತ್ತದೆ, ಆಮೇಲೆ ಚಾನೆಲ್ ಬಂದು ಕೂರುತ್ತದೆ, ಪಕ್ಕದಲ್ಲೇ ಸಬ್‌ಸ್ಕ್ರೈಬ್ ಬಟನ್. ಆ ಒಂದು ಕ್ಷಣದಲ್ಲಿ ನಾವಿದ್ದ ಸರ್ವರ್ ಬ್ಲೆಂಡರ್‌ನವರ ಸರ್ವರ್‌ಗೆ ಹೋಗಿ ವಿಚಾರಿಸಿಕೊಂಡು ಬಂದಿರುತ್ತದೆ. ಲಾಗಿನ್ ಆಗದೆ ಇದನ್ನು ಮಾಡಲು ಹೋದರೆ ಸಾಮಾನ್ಯವಾಗಿ ಆಗುವುದಿಲ್ಲ. ಹೊರಗಿನವರಿಗೆ ಈ ಸೌಲಭ್ಯ ಬಂದ್ ಇರುವುದೇ ಜಾಸ್ತಿ.

ವಿಳಾಸವೇ ಗೊತ್ತಿಲ್ಲದಿದ್ದರೆ? ಆಗ ಸೆಪಿಯಾ ಸರ್ಚ್. ಇದೂ ಫ್ರಾಮಾಸಾಫ್ಟ್‌ನದೇ, 2020ರಲ್ಲಿ ಬಂತು. ಅವರ ಪಟ್ಟಿಯಲ್ಲಿರುವ ಸರ್ವರ್‌ಗಳನ್ನೆಲ್ಲ ಒಟ್ಟಿಗೆ ಹುಡುಕುತ್ತದೆ. ಪಟ್ಟಿಯಲ್ಲಿ ಇಲ್ಲದ ಸರ್ವರ್ ಇಲ್ಲೂ ಸಿಗಲ್ಲ. ನನಗೆ ಇದರಲ್ಲಿ ತುಂಬಾ ಉಪಯೋಗಕ್ಕೆ ಬರುವುದು ಲೈಸೆನ್ಸ್ ಫಿಲ್ಟರ್. ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಬೇರೆಯವರೂ ಬಳಸಲು ಬಿಡುವ ಲೈಸೆನ್ಸ್) ಅಂತ ಹಾಕಿದ್ದರೆ, ಷರತ್ತು ಓದಿಕೊಂಡು ಪಾಠದೊಳಗೆ ಧೈರ್ಯವಾಗಿ ಬಳಸಬಹುದು. ಭಾಷೆಯ ಫಿಲ್ಟರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ವಿಡಿಯೊ ಹಾಕಿದವರು ಭಾಷೆಯ ಜಾಗ ತುಂಬಿದ್ದರೆ ತಾನೇ ಅದು ಕೆಲಸ ಮಾಡುವುದು?

ನಿಜ ಹೇಳಬೇಕೆಂದರೆ, ನನ್ನ ಪಟ್ಟಿಯಲ್ಲಿರುವ ಒಳ್ಳೆಯ ಚಾನೆಲ್‌ಗಳಲ್ಲಿ ಬಹುಪಾಲು ಹುಡುಕಿ ಸಿಕ್ಕಿದ್ದಲ್ಲ, ಜನರ ಮೂಲಕ ಸಿಕ್ಕಿದ್ದು. ಟ್ವಿಟರ್ ಥರ ಚಿಕ್ಕ ಪೋಸ್ಟ್ ಹಾಕುವ ಮಾಸ್ಟೊಡಾನ್ ಕೂಡ ಆಕ್ಟಿವಿಟಿಪಬ್ ಭಾಷೆಯನ್ನೇ ಆಡುತ್ತದೆ. ಹಾಗಾಗಿ ಅಲ್ಲಿನ ಖಾತೆಯಿಂದಲೇ ಪಿಯರ್‌ಟ್ಯೂಬ್ ಚಾನೆಲ್ ಒಂದನ್ನು ಫಾಲೋ ಮಾಡಬಹುದು. ಹೊಸ ವಿಡಿಯೊ ಬಂದರೆ ಪೋಸ್ಟ್ ಥರ ಬರುತ್ತದೆ. ಅಲ್ಲಿಂದ ಉತ್ತರ ಬರೆದರೆ ವಿಡಿಯೊದ ಕೆಳಗೆ ಕಾಮೆಂಟ್ ಆಗಿ ಕಾಣುತ್ತದೆ. ಒಬ್ಬ ಒಳ್ಳೆಯ ಕ್ರಿಯೇಟರ್ ಸಿಕ್ಕರೆ, ಅವರು ಯಾರ ಪೋಸ್ಟ್ ಬೂಸ್ಟ್ ಮಾಡುತ್ತಾರೆ (ಅಂದರೆ ತಮ್ಮ ಫಾಲೋವರ್‌ಗಳಿಗೂ ಹಂಚುತ್ತಾರೆ), ಅವರ ವಿಡಿಯೊ ಕೆಳಗೆ ಯಾರು ವಿಷಯ ಗೊತ್ತಿದ್ದು ಮಾತಾಡುತ್ತಾರೆ ಅಂತ ನೋಡುತ್ತೇನೆ. ಅಂಥವರಿಗೂ ಒಂದು ಚಾನೆಲ್ ಇರುವುದು ಅಪರೂಪವೇನಲ್ಲ. ಇಲ್ಲಿ ನಿಮ್ಮ ಅಭಿರುಚಿ ಊಹಿಸಿ ವಿಡಿಯೊ ಮುಂದೆ ತಂದಿಡುವ ಕಂಪನಿ ಯಾವುದೂ ಇಲ್ಲ. ಆ ಕೆಲಸ ನಮ್ಮದೇ. ನನಗಂತೂ ಅದೇ ಇಷ್ಟ, ಸಂಬಳವೂ ಅದಕ್ಕೇ ಅಲ್ವಾ!

ಫಾಲೋ ಮಾಡುವಾಗ ಒಂದು ವಿಷಯ ಗಮನಿಸಬೇಕು. ಪಿಯರ್‌ಟ್ಯೂಬ್‌ನಲ್ಲಿ ಖಾತೆ ಬೇರೆ, ಚಾನೆಲ್ ಬೇರೆ. ಒಂದು ಖಾತೆಗೆ ಹಲವು ಚಾನೆಲ್ ಇರಬಹುದು. ಒಬ್ಬರೇ ಒಂದು ಚಾನೆಲ್‌ನಲ್ಲಿ ತ್ರೀಡಿ ಪಾಠ ಹಾಕಿ, ಇನ್ನೊಂದರಲ್ಲಿ ತಮ್ಮ ಬೆಕ್ಕಿನ ವಿಡಿಯೊ ಹಾಕುತ್ತಾರೆ. ಖಾತೆಯನ್ನೇ ಫಾಲೋ ಮಾಡಿದರೆ ಬೆಕ್ಕೂ ಬರುತ್ತದೆ. ಪಾಠ ಮಾತ್ರ ಬೇಕಿದ್ದರೆ ಆ ಚಾನೆಲ್ ಒಂದನ್ನೇ ಹಿಡಿಯಿರಿ. ಇನ್ನೊಂದು, ಫಾಲೋ ಮಾಡಿದ ಮೇಲೆ ಹೊಸ ವಿಡಿಯೊಗಳು ತಾವಾಗಿ ಬರುತ್ತವೆ, ಹಳೆಯವು ಪೂರ್ತಿ ಬರದೆ ಇರಬಹುದು. ಅವನ್ನು ನೋಡಲು ಚಾನೆಲ್‌ನ ಮೂಲ ಸರ್ವರ್‌ಗೇ ಹೋಗುವುದು ವಾಸಿ.

ಪ್ರತಿ ಚಾನೆಲ್‌ಗೂ ಆರ್‌ಎಸ್‌ಎಸ್ ಫೀಡ್ ಇದೆ, ಅಂದರೆ ಹೊಸ ವಿಡಿಯೊಗಳ ಪಟ್ಟಿ; ಅದನ್ನು ಫೀಡ್ ರೀಡರ್ ಅನ್ನುವ ಆ್ಯಪ್‌ನಲ್ಲಿ ನೋಡಬಹುದು. ಸಬ್‌ಸ್ಕ್ರೈಬ್ ಬಟನ್ ಪಕ್ಕದ ಬಾಣ ಒತ್ತಿದರೆ ಕಾಣುತ್ತದೆ. ಯಾವ ಸರ್ವರ್‌ನಲ್ಲೂ ಖಾತೆ ಬೇಡ. ತಂಡದ ಕೆಲಸಕ್ಕೆ ನಾವು ನೆಚ್ಚಿಕೊಂಡಿರುವುದು ಇದನ್ನೇ. ಫೀಡ್ ರೀಡರ್‌ನಿಂದ ಪಟ್ಟಿಯನ್ನು ಒಪಿಎಂಎಲ್ (ಫೀಡ್‌ಗಳ ಪಟ್ಟಿ ಇಡುವ) ಫೈಲ್ ಆಗಿ ತೆಗೆದು ಹೊಸಬರಿಗೆ ಕೊಟ್ಟರೆ ಮೊದಲ ದಿನವೇ ಎಲ್ಲ ಚಾನೆಲ್ ಅವರ ಕೈಯಲ್ಲಿರುತ್ತದೆ.

ಪಟ್ಟಿಗೆ ಸೇರಿಸುವ ಮುಂಚೆ ಆ ಚಾನೆಲ್ ನಿಜಕ್ಕೂ ಅವರದ್ದೇನಾ ಅಂತ ನೋಡುತ್ತೇವೆ. ಬೇರೆ ಸರ್ವರ್‌ನಲ್ಲಿ ಅದೇ ಹೆಸರಿನಲ್ಲಿ ಬೇರೆ ಯಾರೋ ಇರಬಹುದು. ಬೇರೆ ಕಡೆಯ ಚಾನೆಲ್ ಒಂದನ್ನು ತಾನಾಗಿ ನಕಲು ಮಾಡಿಕೊಳ್ಳುವ ಸೌಲಭ್ಯ ಪಿಯರ್‌ಟ್ಯೂಬ್‌ಗೆ 2022ರಲ್ಲಿ ಬಂತು. ಅಂಥ ನಕಲು ಚಾನೆಲ್ ಅನ್ನು ಯಾವನೋ ಅಭಿಮಾನಿ ನಡೆಸುತ್ತಿದ್ದರೆ, ಅಲ್ಲಿ ಕೇಳಿದ ಪ್ರಶ್ನೆ ಕ್ರಿಯೇಟರ್ ಕಣ್ಣಿಗೆ ಬೀಳುವುದೇ ಇಲ್ಲ. ಕ್ರಿಯೇಟರ್‌ನ ಸ್ವಂತ ಸೈಟ್‌ನಿಂದ ಆ ಚಾನೆಲ್‌ಗೆ ಲಿಂಕ್ ಇದ್ದರೆ ಅನುಮಾನ ಬೇಡ.

ಆ ಸ್ವಂತ ಸೈಟ್‌ನ ವಿಳಾಸಕ್ಕೆ ನಮ್ಮ ಪಟ್ಟಿಯಲ್ಲಿ ಒಂದು ಪ್ರತ್ಯೇಕ ಕಾಲಂ ಇದೆ. ಎಷ್ಟೋ ಸರ್ವರ್‌ಗಳನ್ನು ಒಬ್ಬಿಬ್ಬರು ತಮ್ಮ ಬಿಡುವಿನಲ್ಲಿ, ಕೈಯಿಂದ ದುಡ್ಡು ಹಾಕಿ ನಡೆಸುತ್ತಾರೆ. ಒಂದು ದಿನ ನಿಲ್ಲಿಸಿಬಿಡಬಹುದು. ಕ್ರಿಯೇಟರ್ ಬೇರೆ ಸರ್ವರ್‌ಗೆ ಹೋದರೆ ಚಾನೆಲ್ ವಿಳಾಸವೇ ಬದಲಾಗುತ್ತದೆ, ಹಳೆಯ ಫೀಡ್ ಸುಮ್ನೆ ಖಾಲಿ ಬಿದ್ದಿರುತ್ತದೆ. ಯಾವುದಾದರೂ ಫೀಡ್ ತುಂಬಾ ದಿನದಿಂದ ಸದ್ದಿಲ್ಲದೆ ಇದ್ದರೆ, ನಾವು ಮೊದಲು ನೋಡುವುದು ಆ ಕಾಲಂ.